ಇಬ್ಬರು ಮಕ್ಕಳ ಜೊತೆ ಸೈಕಲ್, ಟೆಂಟ್, 15 ದಿನದಲ್ಲಿ ಯುರೋಪಿನ ಐದು ದೇಶ: ದಿನಕ್ಕೆ 60 ಕಿ.ಮೀ. ಆಗುತ್ತದಾ?

ಆಗುವುದಿಲ್ಲ. ಐದು ದೇಶದ ಆಸೆ ಬಿಡಿ, ಒಂದು ನದಿ ಹಿಡಿಯಿರಿ. ಆ 60 ಕಿ.ಮೀ. ಲೆಕ್ಕವನ್ನು ನಾವೂ ಹಾಕಿದ್ದೆವು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಾವು ಮ್ಯೂನಿಕ್‌ನಲ್ಲಿದ್ದಾಗ ಹೋಗಿದ್ದು ಡ್ಯಾನ್ಯೂಬ್ ದಂಡೆಗುಂಟ, ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾ ಕಡೆಗೆ. ಸುಮಾರು 320 ಕಿ.ಮೀ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಸೈಕಲ್ ಹಾದಿಯ ಒಂದು ತುಂಡು ಅದು. ಬಹುಪಾಲು ಕಾರುಗಳ ಕಾಟವಿಲ್ಲ, ಏರು ಕಡಿಮೆ, ನೀರು ಹರಿಯುವ ಕಡೆಗೇ ನಾವೂ ಹೋಗುತ್ತೇವೆ, ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸಿ ಬೆನ್ನಿಗೆ ತಳ್ಳುತ್ತದೆ. ಅಲ್ಲಲ್ಲಿ ಸೈಕಲ್ ಸಮೇತ ಆಚೆ ದಡ ಮುಟ್ಟಿಸುವ ಪುಟ್ಟ ಫೆರ್‍ರಿಗಳು. ಸೈಕಲ್ ಹಿಂದೆ ಕಟ್ಟಿದ ಪುಟ್ಟ ಗಾಡಿಯಲ್ಲಿ (ಟ್ರೇಲರ್) ಕೂತಿದ್ದ ಮಗನಿಗೆ ಅದೇ ದೊಡ್ಡ ಸಂಭ್ರಮ. ಮಗಳು ಅವಳ ಸೈಕಲ್ ಅವಳೇ ತುಳಿಯುತ್ತಿದ್ದಳು.

ನಮ್ಮನ್ನು ಕೆಡಿಸಿದ್ದು ವಾಪಸ್ ಬರುವ ರೈಲಿನ ಟಿಕೆಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಯೆನ್ನಾದಿಂದ ಹೊರಡುವ ವೇಗದ ರೈಲುಗಳಲ್ಲಿ ಸೈಕಲ್‌ಗೂ ಜಾಗ ಕಾಯ್ದಿರಿಸಬೇಕು. ಅಂಥ ಜಾಗ ಒಂದು ರೈಲಿನಲ್ಲಿ ಕೆಲವೇ ಕೆಲವು, ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತವೆ. ಆ ಹೆದರಿಕೆಗೆ ಹೊರಡುವ ಮೊದಲೇ ಒಂದು ಭಾನುವಾರಕ್ಕೆ ಬುಕ್ ಮಾಡಿದೆವು. ಯಾವ ಭಾನುವಾರ? 320ನ್ನು 60ರಿಂದ ಭಾಗಿಸಿದಾಗ ಬಂದ ಭಾನುವಾರ. ನಡುವೆ ಒಂದು ದಿನವೂ ಸಡಿಲ ಇಟ್ಟಿರಲಿಲ್ಲ. ಅರವತ್ತು ದೊಡ್ಡವರ ಲೆಕ್ಕ. ಮಕ್ಕಳ ಜೊತೆ ಗಂಟೆಗೆ ಹತ್ತು ಕಿ.ಮೀ. ಸಾಗಿದರೆ ಹೆಚ್ಚು. ಬೆಳಿಗ್ಗೆ ಇಬ್ಬನಿಗೆ ನೆನೆದ ಟೆಂಟ್ ಒಣಗಿಸಿ, ತಿಂಡಿ ಮಾಡಿ, ಚೀಲ ಕಟ್ಟುವಷ್ಟರಲ್ಲಿ ಹತ್ತೂವರೆ. ಆಮೇಲೆ ಸಿಕ್ಕ ಜಾರುಬಂಡೆಗಳನ್ನೆಲ್ಲ ಬಿಟ್ಟು ಮುಂದೆ ಹೋಗಲಾಗುತ್ತದಾ?

ನದಿ ಪೂರ್ತಿ ಹಿಂದಕ್ಕೆ ತಿರುಗುವ ಷ್ಲೋಗೆನ್‌ನಲ್ಲಿ ಮಳೆ ಹಿಡಿಯಿತು, ಮಾರನೆಯ ದಿನವೂ ಬಿಡಲಿಲ್ಲ. ಹೋದ ಸಮಯವನ್ನು ಸರಿದೂಗಿಸಲು ಲಿಂಜ್‌ನಿಂದ ಗ್ರೈನ್‌ವರೆಗಿನ 60 ಕಿ.ಮೀ.ಯನ್ನು ಒಂದೇ ದಿನಕ್ಕೆ ಇಟ್ಟೆವು. ಗ್ರೈನ್ ಇನ್ನೂ ದೂರವಿರುವಾಗಲೇ ಮಗಳು ಇಳಿದು ಹುಲ್ಲಿನ ಮೇಲೆ ಕೂತಳು. "ಅಮ್ಮಾ, ಕಾಲು ನನ್ನ ಮಾತು ಕೇಳ್ತಿಲ್ಲ" ಅಂದಳು. ನಮ್ಮನೆಯವರು ಅವಳ ಸೈಕಲ್ಲನ್ನು ಟ್ರೇಲರ್‌ಗೆ ಕಟ್ಟಿದರು, ಅವಳು ನನ್ನ ಜೊತೆ ನಡೆದಳು.

ಮೆಲ್ಕ್ ತಲುಪಿದ್ದು ಶನಿವಾರ ಸಂಜೆ. ಬಂಡೆಯ ಮೇಲೆ ಹಳದಿ ಬಣ್ಣದ ದೊಡ್ಡ ಮಠ. ಅಲ್ಲಿಂದ ಕ್ರೆಮ್ಸ್‌ವರೆಗೆ, ಸುಮಾರು 35 ಕಿ.ಮೀ., ವಾಖಾವ್ ಕಣಿವೆ. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಕಲ್ಲುಕಟ್ಟೆ ಕಟ್ಟಿ ಬೆಳೆಸಿದ ದ್ರಾಕ್ಷಿ, ಏಪ್ರಿಕಾಟ್ ತೋಟಗಳು, 1192ರ ಚಳಿಗಾಲದಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ಸೆರೆಯಿಟ್ಟ ಡ್ಯೂರ್ನ್‌ಷ್ಟೈನ್ ಕೋಟೆ. ನಾವು ಹೋದದ್ದು ಜುಲೈ, ಏಪ್ರಿಕಾಟ್ ಹಣ್ಣಾಗುವ ಕಾಲ. ಅದ್ಯಾವುದನ್ನೂ ನೋಡಲಿಲ್ಲ. ಮರುದಿನ ವಿಯೆನ್ನಾದಲ್ಲಿ ರೈಲು ಹಿಡಿಯಬೇಕಿತ್ತಲ್ಲ, ಮೆಲ್ಕ್‌ನಲ್ಲೇ ಲೋಕಲ್ ರೈಲು ಹತ್ತಿದೆವು. ಆ ಹಳಿ ವಾಖಾವ್ ಬಿಟ್ಟು ಸಾಂಕ್ಟ್ ಪೋಲ್ಟನ್ ಕಡೆ ಹೋಗುತ್ತದೆ. ಇಡೀ ದಾರಿಯಲ್ಲಿ ಅತಿ ಚೆಂದದ ತುಂಡೇ ತಪ್ಪಿಹೋಯಿತು. ಅದು ನನಗೆ ಇವತ್ತಿಗೂ ನೋವು.

ಆದ್ದರಿಂದ ದಿನಕ್ಕೆ 25-30 ಕಿ.ಮೀ. ಸಾಕು, ಮೂರು ದಿನಕ್ಕೊಮ್ಮೆ ಪೂರ್ತಿ ರಜೆ. ವಾಪಸ್ ಬರಲು ಲೋಕಲ್ ರೈಲುಗಳನ್ನೇ ನಂಬಿ. ನಿಧಾನ ನಿಜ, ಆದರೆ ಸೈಕಲ್‌ಗೆ ಬೇರೆ ಟಿಕೆಟ್ ತೆಗೆದುಕೊಂಡು, ಜಾಗವಿದ್ದ ಗಾಡಿ ಹತ್ತಬಹುದು, ತಾರೀಕಿನ ಗುಲಾಮರಾಗಬೇಕಿಲ್ಲ. ಬೆಂಗಳೂರಿನಿಂದ ಸೈಕಲ್ ಹೊತ್ತೊಯ್ಯುವ ಯೋಚನೆಯೂ ಬೇಡ, ಪಾಸಾವ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ಟ್ರೇಲರ್‌ನಲ್ಲಿ ಕೂತವರಿಗೂ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರ ಮಧ್ಯಾಹ್ನವೇ ಸಾಮಾನು ಕೊಳ್ಳಿ. ನಮ್ಮನ್ನು ಕಾಪಾಡಿದ್ದು ಊರಿಂದ ತಂದ ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ. ಸ್ಟೌ ಒಯ್ಯುವುದಾದರೆ ಗ್ಯಾಸ್ ಡಬ್ಬಿ ಅಲ್ಲೇ ಕೊಳ್ಳಿ, ವಿಮಾನದಲ್ಲಿ ಬಿಡುವುದಿಲ್ಲ.

ಏಪ್ರಿಲ್ ರಜೆಯನ್ನು ಮಾತ್ರ ಖಂಡಿತ ನೆಚ್ಚಬೇಡಿ. ಅಲ್ಲಿ ಆಗ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯಬಹುದು, ಕೆಲವು ಕ್ಯಾಂಪಿಂಗ್ ಜಾಗಗಳು ಇನ್ನೂ ತೆರೆದಿರುವುದಿಲ್ಲ. ಮೇ ಕೊನೆಗೆ ಹೊರಡಿ, ಶಾಲೆಯ ಮೊದಲ ವಾರ ತಪ್ಪಿದರೆ ತಪ್ಪಲಿ. ಹೆಚ್ಚು ರಾತ್ರಿ ಆಸ್ಟ್ರಿಯಾದಲ್ಲಿ ಕಳೆಯುವುದರಿಂದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅವರಿಗೇ ಅರ್ಜಿ ಹಾಕಬೇಕು, ಆರು ತಿಂಗಳು ಮುಂಚಿನಿಂದ ಹಾಕಬಹುದು. ತಂಗುವ ಜಾಗದ ದಾಖಲೆ ಕೇಳುತ್ತಾರೆ, ದಿನ ಬದಲಿಸಲು ಬಿಡುವ ಬುಕಿಂಗನ್ನೇ ಮಾಡಿ.