ಪ್ರತಿಕ್ರಿಯೆ: ಬೆಮೆಲ್ ಮತ್ತು ಯಲಹಂಕದ ಗಾಲಿ ಕಾರ್ಖಾನೆ ಒಂದೇ ಸಂಸ್ಥೆಯೇ?

ನಮ್ಮ ಮೆಟ್ರೋ ಬೋಗಿಗಳನ್ನು ತಯಾರಿಸುವ ಬೆಮೆಲ್ ಮತ್ತು ಯಲಹಂಕದ ರೈಲು ಗಾಲಿ ಕಾರ್ಖಾನೆ ಒಂದೇ ಸಂಸ್ಥೆಯೇ ಎಂದು ತಾವು ಕೇಳಿದ್ದೀರಿ. ಅಲ್ಲ, ಬೆಮೆಲ್ ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ಕಂಪನಿಯಾದರೆ, ಗಾಲಿ ಕಾರ್ಖಾನೆ ಭಾರತೀಯ ರೈಲ್ವೆಯದೇ ಉತ್ಪಾದನಾ ಘಟಕ.

ಎಚ್‌ಎಎಲ್ ವಿಮಾನಗಳ ಜೊತೆಗೆ ರೈಲು ಬೋಗಿಗಳನ್ನೂ ತಯಾರಿಸುತ್ತಿತ್ತು ಎಂಬುದು ಇಂದು ಹಲವರಿಗೆ ಅಚ್ಚರಿಯೆನಿಸಬಹುದು. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ಗೆ ಆ ಬೋಗಿ ವಿಭಾಗವೇ ಬುನಾದಿಯಾಯಿತು. ಮಣ್ಣು ಅಗೆಯುವ ಯಂತ್ರಗಳ ತಯಾರಿಕೆ ಕೆಜಿಎಫ್‌ನಲ್ಲಿ, ಬೋಗಿಗಳದ್ದು ಬೆಂಗಳೂರಿನಲ್ಲಿ. ದೆಹಲಿ ಮೆಟ್ರೋಗೂ ನಮ್ಮ ಮೆಟ್ರೋದ ಮೊದಲ ಹಂತಕ್ಕೂ ಬೋಗಿಗಳು ಹೋದದ್ದು ಇಲ್ಲಿಂದಲೇ. ಆದರೆ ನಮ್ಮ ಮೆಟ್ರೋದ ಎಲ್ಲ ರೈಲುಗಳೂ ಬೆಮೆಲ್‌ನವಲ್ಲ. ಹಳದಿ ಮಾರ್ಗದ ರೈಲುಗಳು ಬೇರೆಯವರವು.

1984ರಲ್ಲಿ ಆರಂಭವಾದ ಯಲಹಂಕದ ಕಾರ್ಖಾನೆಯ ವಿಧಾನವೇ ನನಗೆ ಹೆಚ್ಚು ಕುತೂಹಲಕರ: ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಆ ದ್ರವವನ್ನು ಮೇಲಿನಿಂದ ಸುರಿಯದೆ, ಗಾಳಿಯ ಒತ್ತಡದಿಂದ ಕೊಳವೆಯ ಮೂಲಕ ಕೆಳಗಿನಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸುತ್ತಾರೆ. ಹೀಗೆ ಮಾಡುವುದರಿಂದ ಲೋಹ ಕದಡದೆ ತುಂಬಿಕೊಂಡು, ಗಾಲಿಯಲ್ಲಿ ದೋಷಗಳು ಉಳಿಯುವ ಸಂಭವ ಕಡಿಮೆಯಾಗುತ್ತದೆ. ಅಚ್ಚುಗಳನ್ನು ಮತ್ತೆ ಮತ್ತೆ ಬಳಸಬಹುದು. ಗಾಲಿಯ ಜೊತೆಗೆ ಅಚ್ಚುಗೋಲು (ಎರಡು ಗಾಲಿಗಳನ್ನು ಸೇರಿಸುವ ಆಕ್ಸಲ್), ಎರಡೂ ಜೋಡಿಸಿದ ಗಾಲಿಜೋಡಿಗಳೂ ಅಲ್ಲಿ ಸಿದ್ಧವಾಗುತ್ತವೆ.