ಮನೆಯಲ್ಲಿ ಆರ್ಕೆಸ್ಟ್ರಾ ಕಟ್ಟಬಹುದೇ?

ಮೇಡಂ, ನಮಸ್ಕಾರ.

ಅಮೆರಿಕದ ಗಾಯಕ ಸೂಫ್ಯಾನ್ ಸ್ಟೀವನ್ಸ್ ಅವರ ‘ಇಲಿನಾಯ್’ ಆಲ್ಬಂ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿದೆ. ವಯಲಿನ್ ಕಲಿತ ಮಗಳು ಆ ಲೇಖನ ಹಿಡಿದುಕೊಂಡು, ‘ನಾನೂ ಮನೆಯಲ್ಲೇ ಆರ್ಕೆಸ್ಟ್ರಾ ಹಾಡುಗಳ ಆಲ್ಬಂ ಮಾಡುತ್ತೇನೆ, ನಾನೇ ಬಿಡುಗಡೆ ಮಾಡುತ್ತೇನೆ, 40,000 ರೂಪಾಯಿಯ ಮೈಕ್ ಕೊಡಿಸಿ’ ಎನ್ನುತ್ತಿದ್ದಾಳೆ ಎಂದಿದ್ದೀರಿ. ಒಬ್ಬರೇ ಕೂತು ಒಂದರ ಮೇಲೊಂದು ನುಡಿಸಿದರೆ ಅದು ಆರ್ಕೆಸ್ಟ್ರಾ ಹೇಗಾಗುತ್ತದೆ, ‘ಇದು ಬೇಡ’ ಎನ್ನಲು ರೆಕಾರ್ಡ್ ಕಂಪನಿ ಇಲ್ಲದಿದ್ದರೆ ಆಲ್ಬಂ 22 ಟ್ರ್ಯಾಕ್, 74 ನಿಮಿಷ ಆಗದೆ ಇನ್ನೇನಾಗುತ್ತದೆ ಎಂದೂ ಕೇಳಿದ್ದೀರಿ. ಸುಮ್ನೆ ಮಕ್ಕಳ ತಲೆ ಕೆಡಿಸಬೇಡಿ ಎಂಬ ಮಾತೂ ಇದೆ.

ಮೊದಲು ‘ಒಬ್ಬರೇ’ ಎಂಬ ವಿಷಯ. ಆಲ್ಬಂ ಬಂದದ್ದು 2005ರ ಜುಲೈಯಲ್ಲಿ. ಸ್ಟೀವನ್ಸ್‌ಗೆ ಆಗ ತಾನೇ 30 ತುಂಬಿತ್ತು. ಪಿಯಾನೊ, ಗಿಟಾರ್, ಬ್ಯಾಂಜೊ, ಓಬೊ, ಕೊಳಲು, ಸ್ಯಾಕ್ಸಫೋನ್, ಅಕಾರ್ಡಿಯನ್, ವೈಬ್ರಫೋನ್, ಹಲವು ಬಗೆಯ ರೆಕಾರ್ಡರ್ (ಊದುವ ಕೊಳವೆ ವಾದ್ಯ) ಎಲ್ಲವನ್ನೂ ಅವರೇ ನುಡಿಸಿದರು. ಆದರೆ ವಯಲಿನ್, ವಿಯೋಲಾ, ಚೆಲ್ಲೊ ನುಡಿಸಿದ್ದು ಬೇರೆಯವರು. ಟ್ರಂಪೆಟ್‌ಗೆ ಒಬ್ಬರಿದ್ದರು, ಡ್ರಮ್ಸ್‌ಗೆ ಒಬ್ಬರು, ಜೊತೆಗೆ ಸಣ್ಣದೊಂದು ಗಾಯಕವೃಂದ. ಮಗಳು ಲೇಖನದಿಂದ ‘ಒಬ್ಬರೇ ಮಾಡಿದರು’ ಎಂಬುದನ್ನಷ್ಟೇ ತೆಗೆದುಕೊಂಡಿದ್ದರೆ, ಈ ಜೊತೆಯವರ ಪಟ್ಟಿಯನ್ನು ಅವಳು ಮತ್ತೊಮ್ಮೆ ನೋಡಲಿ.

ಹಾಗಿದ್ದರೂ ಇದನ್ನು ಆರ್ಕೆಸ್ಟ್ರಾ ಎನ್ನಬಹುದೇ? ಎನ್ನಬಹುದು ಎಂದೇ ನನ್ನ ನಂಬಿಕೆ. ‘ಚಿಕಾಗೊ’ ಹಾಡನ್ನು ಹೆಡ್‌ಫೋನ್‌ನಲ್ಲಿ ಒಮ್ಮೆ ಕೇಳಿ. ತಂತಿವಾದ್ಯಗಳು ಹಾಡಿನ ಹಿಂದೆ ಸುಮ್ಮನೆ ಎಳೆದುಕೊಂಡು ಹೋಗುವುದಿಲ್ಲ. ಅವಕ್ಕೆ ತಮ್ಮದೇ ಧಾಟಿ ಇದೆ. ಟ್ರಂಪೆಟ್ ಎಲ್ಲಿ ಬರಬೇಕು, ಕೋರಸ್ ಎಲ್ಲಿ ನಿಲ್ಲಬೇಕು ಎಂಬುದನ್ನು ಯಾರೋ ಕೂತು ಯೋಚಿಸಿದ್ದಾರೆ. ಆಲ್ಬಂ ಹೆಸರಿನದೇ ಇನ್ನೊಂದು ಹಾಡಿನ ಮೊದಲ ಭಾಗ ಚಿಕಾಗೊದಲ್ಲಿ 1893ರಲ್ಲಿ ನಡೆದ ವಿಶ್ವ ಮೇಳದ ಬಗ್ಗೆ. ಮೊದಲ ಫೆರಿಸ್ ಚಕ್ರ ತಿರುಗಿದ್ದು ಅಲ್ಲೇ. ಆ ಭಾಗ ಐದೈದು ಎಣಿಕೆಯಲ್ಲಿ ಓಡುತ್ತದೆ, ಎರಡನೆಯದು ನಾಲ್ಕಕ್ಕೆ ಇಳಿಯುತ್ತದೆ. ನಮ್ಮ ಐದರ ಖಂಡ, ನಾಲ್ಕರ ಚತುರಶ್ರ ನಡೆ ಕಲಿತ ನಿಮ್ಮ ಮಗಳಿಗೆ ಆ ತಿರುವು ಒಂದೇ ಸಲಕ್ಕೆ ಗೊತ್ತಾಗುತ್ತದೆ. ನನಗೆ ಅತಿ ಇಷ್ಟವಾದ ಕಡೆ ಅದು.

ಅಷ್ಟಕ್ಕೂ ಬಳಸಿದ ಸಾಮಾನು ಏನು? ರೋಲ್ಯಾಂಡ್ ಕಂಪನಿಯ ಎಂಟು ಟ್ರ್ಯಾಕ್‌ನ (ಅಂದರೆ ಎಂಟು ಪದರಗಳ) ಪುಟ್ಟ ರೆಕಾರ್ಡಿಂಗ್ ಯಂತ್ರ, ವೇದಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ಶ್ಯೂರ್ ಎಸ್‌ಎಂ57 ಥರದ ಸಾಮಾನ್ಯ ಮೈಕ್‌ಗಳು. ರೆಕಾರ್ಡ್ ಆಗಿದ್ದು ಸೆಕೆಂಡಿಗೆ 32,000 ಸ್ಯಾಂಪಲ್‌ನಲ್ಲಿ, ಅಂದರೆ ನಾದವನ್ನು ಸೆಕೆಂಡಿಗೆ ಅಷ್ಟು ಸಲ ಅಳೆದು. ಸಿಡಿಗೆ 44,100 ಇರುತ್ತದೆ. ಹಿಡಿಯಬಹುದಾದದ್ದು ಆ ಸಂಖ್ಯೆಯ ಅರ್ಧದವರೆಗಿನ ಕಂಪನ ಮಾತ್ರ, ಹಾಗಾಗಿ 16,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಮೇಲಿನ ನಾದ ಈ ರೆಕಾರ್ಡಿಂಗ್‌ನಲ್ಲಿ ಸಿಗುವುದೇ ಇಲ್ಲ, ಮೇಲಿನ ಮಿನುಗು ಕಡಿಮೆ. ಮನೆಯಲ್ಲಿ ಸ್ವಲ್ಪ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ಸ್ವಲ್ಪ, ಕ್ವೀನ್ಸ್‌ನ ಸ್ಟುಡಿಯೋದಲ್ಲಿ ಸ್ವಲ್ಪ ಎಂದು ಕೆಲಸ ಸಾಗಿತು. ನಾದ ಕೊಂಚ ಮಸುಕು. ಆದರೆ ಆ ಮಸುಕೇ ದೊಡ್ಡ ಮೇಳಕ್ಕೆ ಮನೆಯ ಆಪ್ತತೆ ಕೊಟ್ಟಿದೆ ಅನ್ನಿಸುತ್ತದೆ.

ಮಗಳಿಗೆ ಒಂದು ಮಾತು ಹೇಳಿ. ಒಂದು ವಯಲಿನ್ ಟ್ರ್ಯಾಕನ್ನು ಕಂಪ್ಯೂಟರ್‌ನಲ್ಲಿ ಎಂಟು ಸಲ ಕಾಪಿ ಮಾಡಿದರೆ ಎಂಟು ವಯಲಿನ್ ಆಗುವುದಿಲ್ಲ, ಸದ್ದು ಜಾಸ್ತಿಯಾಗುತ್ತದೆ ಅಷ್ಟೇ. ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಬೇಕು. ಪ್ರತಿ ಸಲವೂ ಬಿಲ್ಲು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ, ಸ್ವರವೂ ಚೂರು ಅಲುಗುತ್ತದೆ. ಆ ವ್ಯತ್ಯಾಸ ಸೇರಿದಾಗಲೇ ಗುಂಪಿನ ನಾದ ಹುಟ್ಟುವುದು. ಇದಕ್ಕೆ ತಾಳ್ಮೆ ಬೇಕು, ಹಣವಲ್ಲ.

ಇನ್ನು ಕಂಪನಿ ವಿಚಾರ. ಸ್ಟೀವನ್ಸ್ 1999ರಲ್ಲೇ ಮಲತಂದೆಯ ಜೊತೆ ಸೇರಿ ‘ಆಸ್ಮ್ಯಾಟಿಕ್ ಕಿಟ್ಟಿ’ ಎಂಬ ಲೇಬಲ್, ಅಂದರೆ ಸ್ವಂತ ರೆಕಾರ್ಡ್ ಕಂಪನಿ, ಶುರು ಮಾಡಿದ್ದರು. ‘ಇಲಿನಾಯ್’ ಬಂದದ್ದು ಅದರಿಂದಲೇ. 74 ನಿಮಿಷ ಜಾಸ್ತಿ ಎಂಬ ನಿಮ್ಮ ದೂರಿನಲ್ಲಿ ನ್ಯಾಯವಿದೆ. ನಡುವೆ ಬರುವ ಕೆಲವು ತುಣುಕುಗಳು ಇಲ್ಲದಿದ್ದರೂ ನಡೆಯುತ್ತಿತ್ತು. ಯಜಮಾನಿಕೆಯ ತಲೆನೋವೂ ಅವರಿಗೇ ಬಂತು. ಮುಖಪುಟದಲ್ಲಿ ಸೂಪರ್‌ಮ್ಯಾನ್ ಚಿತ್ರ ಹಾಕಿದ್ದರು, ಅದರ ಹಕ್ಕು ಡಿಸಿ ಕಾಮಿಕ್ಸ್‌ನದು. ಕೊನೆಗೆ ಚಿತ್ರದ ಮೇಲೆ ಬಲೂನುಗಳ ಸ್ಟಿಕ್ಕರ್ ಅಂಟಿಸಬೇಕಾಯಿತು, ಆಮೇಲಿನ ಮುದ್ರಣಗಳಲ್ಲಿ ಸೂಪರ್‌ಮ್ಯಾನ್ ಇರಲಿಲ್ಲ. ಸ್ವಂತ ಬಿಡುಗಡೆ ಎಂದರೆ ಮುಖಪುಟದ ಹಕ್ಕನ್ನೂ ನಾವೇ ನೋಡಿಕೊಳ್ಳಬೇಕು.

ಆದರೆ ಇದೇ ಆಲ್ಬಂನ ‘ಕ್ಯಾಸಿಮಿರ್ ಪುಲಾಸ್ಕಿ ಡೇ’ ಹಾಡು ಕೇಳಿ. ಮೂಳೆ ಕ್ಯಾನ್ಸರ್‌ನಿಂದ ತೀರಿಕೊಳ್ಳುವ ಹುಡುಗಿಯೊಬ್ಬಳ ನೆನಪು ಅದು. ಅಷ್ಟೆಲ್ಲ ವಾದ್ಯ ಕೈಯಲ್ಲಿದ್ದರೂ ಇಲ್ಲಿ ಬಹುಪಾಲು ಗಿಟಾರ್ ಮತ್ತು ಬ್ಯಾಂಜೊ, ಕೊನೆಗೆ ಒಂದು ಟ್ರಂಪೆಟ್. ಪ್ರಾರ್ಥನೆ ಮಾಡಿದರೂ ಏನೂ ಆಗಲಿಲ್ಲ ಎಂದು ದನಿ ಏರಿಸದೆ ಹೇಳುತ್ತಾರೆ. ಇಲ್ಲಿ ಇಷ್ಟೇ ಸಾಕು ಎಂದು ಅವರಿಗೆ ಕಂಪನಿ ಹೇಳಿಕೊಡಬೇಕಾಗಲಿಲ್ಲ, ಅಲ್ವಾ?

ಮೈಕ್ ಈಗಲೇ ಬೇಡ. ಮಗಳು ಮೊದಲು ಒಂದು ಹಾಡಿಗೆ ಎರಡು ವಯಲಿನ್, ಒಂದು ಚೆಲ್ಲೊ, ಒಂದು ಕೊಳಲಿನ ಭಾಗಗಳನ್ನು ಕಾಗದದ ಮೇಲೆ ಬರೆಯಲಿ. ಚೆಲ್ಲೊ ಸಿಗದಿದ್ದರೆ ಆ ಸಾಲು ಯಾರು ನುಡಿಸುತ್ತಾರೆ ಎಂದು ಹುಡುಕಲಿ. ಜೊತೆಯವರು ಸಿಕ್ಕಿ, ಅಭ್ಯಾಸ ಮಾಡಿ, ಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದನ್ನು ನನಗೆ ಕಳಿಸಲಿ. ಕೇಳಿ, ಯಾವ ಮೈಕ್ ಸಾಕು ಎಂದು ಖಂಡಿತ ಬರೆಯುತ್ತೇನೆ.

– ಸಂಪಾದಕ