ಕೇಳಿ ತಿಳಿಯಿರಿ: ಹಿಂದುಮುಂದಾದ ಲೆನ್ಸು

ಪ್ರಶ್ನೆ: ನನ್ನಲ್ಲಿ 18-55 ಎಂಎಂ ಕಿಟ್ ಲೆನ್ಸ್ (ಕ್ಯಾಮೆರಾದ ಜೊತೆಗೇ ಬರುವುದು), 50 ಎಂಎಂ ಲೆನ್ಸ್ ಎರಡೂ ಇವೆ. ಇರುವೆಯ ತಲೆಯನ್ನು ದೊಡ್ಡದಾಗಿ ತೆಗೆಯಲು ಯಾವುದನ್ನು ಕ್ಯಾಮೆರಾಕ್ಕೆ ಹಿಂದುಮುಂದಾಗಿ ತಿರುಗಿಸಿ ಹಾಕಲಿ? ಹಾಗೆ ಜೋಡಿಸುವ ರಿಂಗನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ತಿರುಗಿಸಿದಾಗ ಫೋಕಲ್ ಲೆಂಗ್ತ್ (ಲೆನ್ಸಿನ ಮೇಲಿನ ಎಂಎಂ ಸಂಖ್ಯೆ) ಕಡಿಮೆಯಾದಷ್ಟೂ ಚಿತ್ರ ದೊಡ್ಡದು. 50 ಎಂಎಂ ಕೊಡುವುದು ಹೆಚ್ಚುಕಡಿಮೆ ಒಂದು ಪಟ್ಟು ಮಾತ್ರ, ಅಂದರೆ ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ. ಕಿಟ್ ಲೆನ್ಸನ್ನು 18ಕ್ಕೆ ತಂದರೆ ಮೂರು ಪಟ್ಟನ್ನೂ ದಾಟುತ್ತದೆ. ಇರುವೆಗೆ ಅದೇ ಸರಿ. ಆದರೆ ಕೈ ಪಳಗಲು 50ರಿಂದಲೇ ಶುರುಮಾಡಿ.

ರಿಂಗಿಗೆ ಬೇಕಾದದ್ದು ಒಂದು ಬಾಡಿ ಕ್ಯಾಪ್ (ಲೆನ್ಸ್ ಕಳಚಿದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ), ನಿಮ್ಮ ಲೆನ್ಸಿನ ಅಳತೆಯದೇ ಹಳೆಯ ಫಿಲ್ಟರ್. ಫಿಲ್ಟರಿನ ಗಾಜು ತೆಗೆಯಿರಿ. ಕ್ಯಾಪಿನ ನಡುವೆ ಸುಮಾರು 40 ಮಿ.ಮೀ. ತೂತು ಕೊರೆದು, ಅಂಚು ಉಜ್ಜಿ, ತೊಳೆದು ಒಣಗಿಸಿ. ಇದೆಲ್ಲ ಕ್ಯಾಮೆರಾದಿಂದ ದೂರದಲ್ಲಿ ನಡೆಯಲಿ. ಪ್ಲಾಸ್ಟಿಕ್ ಪುಡಿ ಸೆನ್ಸರಿಗೆ ಹತ್ತಿದರೆ ತಲೆನೋವು. ಲೆನ್ಸಿಗೆ ತಿರುಪುವ ಮರೆ (ತಿರುಪಿನ ಸುರುಳಿ ಗೆರೆ) ಹೊರಮುಖವಾಗಿರುವಂತೆ ಫಿಲ್ಟರ್ ಬಳೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಒಂದು ದಿನ ಮುಟ್ಟಬೇಡಿ. ಸೂಪರ್ ಗ್ಲೂ ಬೇಡವೇ ಬೇಡ: ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಚಿತ್ರ ಪೇಲವವಾಗುತ್ತದೆ.

ಈಗ ಹೊರಗೆ ತೆರೆದುಕೊಂಡಿರುವುದು ಲೆನ್ಸಿನ ಹಿಂಭಾಗ. ತಳ ಕತ್ತರಿಸಿದ ಹಿಂಬದಿ ಮುಚ್ಚಳವನ್ನೇ ಅದಕ್ಕೆ ಹುಡ್ (ರಕ್ಷಣೆಯ ಮರೆ) ಆಗಿ ತೊಡಿಸಬಹುದು.

ಪ್ರಶ್ನೆ: ಲೆನ್ಸಿನಲ್ಲಿ ಅಪರ್ಚರ್ (ಬೆಳಕಿನ ಕಿಂಡಿ) ರಿಂಗ್ ಇಲ್ಲ. ಎಫ್ ಸಂಖ್ಯೆ (ಹೆಚ್ಚಿದಷ್ಟೂ ಕಿಂಡಿ ಕಿರಿದು) ಬದಲಿಸುವುದು ಹೇಗೆ?

ಉತ್ತರ: ಕ್ಯಾನನ್ ಇಎಫ್ ಲೆನ್ಸಾದರೆ ಮೊದಲು ಸರಿಯಾಗಿಯೇ ಕೂರಿಸಿ, ಎಫ್/5.6 ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ (ಕಿಂಡಿಯನ್ನು ಆ ಎಫ್ ಸಂಖ್ಯೆಗೆ ಇಳಿಸಿ ತೋರಿಸುವುದು) ಒತ್ತಿಹಿಡಿದೇ ಕಳಚಿ. ಕಿಂಡಿಯನ್ನು ಕಿರಿದಾಗಿಸುವ ಎಲೆಗಳು ಅಲ್ಲೇ ನಿಲ್ಲುತ್ತವೆ. ನಿಕಾನ್ ಜಿ ಲೆನ್ಸಿನ ಹಿಂದೆ ಸಣ್ಣ ಸನ್ನೆಯಿದೆ. ಬಿಟ್ಟರೆ ಅದು ಅಪರ್ಚರನ್ನು ಪೂರ್ತಿ ಕಿರಿದಾಗಿಸುತ್ತದೆ. ಸನ್ನೆಯನ್ನು ಬೇಕಾದಷ್ಟು ಸರಿಸಿ, ಮಡಚಿದ ಕಾಗದದ ಬೆಣೆ ಕೊಡಿ. ಶಟರ್ ಬೀಳದಿದ್ದರೆ ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಆಯ್ಕೆ ಹುಡುಕಿ. ಮಿರರ್‌ಲೆಸ್‌ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ.

ಪ್ರಶ್ನೆ: ಎಫ್/16 ಇಟ್ಟರೂ ಎಲ್ಲ ಮಸುಕು. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸ್ ಚೆನ್ನಾಗಿಯೇ ಇದೆ, ಎಫ್/16 ಅತಿಯಾಯಿತು. ಮೂರು ಪಟ್ಟಿನಲ್ಲಿ ಅದು ನಿಜವಾಗಿ ಸುಮಾರು ಎಫ್/64 (ಎಫ್ ಸಂಖ್ಯೆಯನ್ನು ‘ಪಟ್ಟು + 1’ರಿಂದ ಗುಣಿಸಿ). ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ವಿವರ್ತನೆಗೊಂಡು (ಅಂಚಿನಲ್ಲಿ ಬಾಗಿ ಹರಡಿ) ಸೂಕ್ಷ್ಮ ವಿವರವೆಲ್ಲ ಕರಗಿಹೋಗುತ್ತದೆ, ಜೊತೆಗೆ ಶಟರ್ ನಿಧಾನವಾಗಿ ಕೈನಡುಕವೂ ಸೇರುತ್ತದೆ. ಎಫ್/5.6ಕ್ಕೆ ಬನ್ನಿ, ಫ್ಲ್ಯಾಶ್ ಮುಂದೆ ಬಿಳಿ ಕಾಗದ ಹಿಡಿಯಿರಿ.

ಎಫ್/5.6ರಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಇರುವೆಯ ಕಣ್ಣು ಸಿಕ್ಕರೆ ಮೀಸೆ ಸಿಗದು. ಹಾಗಾಗಿ ಬೇರೆ ಬೇರೆ ಆಳ ಸ್ಪಷ್ಟವಾಗಿರುವ ಹಲವು ಚಿತ್ರ ತೆಗೆದು ಒಂದಾಗಿಸಬೇಕು. ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಕ್ಯಾಮೆರಾವನ್ನೇ ಸರಿಸಬೇಕು. ಸಾಮಾನ್ಯ ಎಂ6 ಬೋಲ್ಟ್ ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ. ಕ್ಯಾಮೆರಾ ಕೂರಿಸಿದ ಜಾರುಹಲಗೆಯನ್ನು ಅದರಿಂದ ತಳ್ಳಿಸಿ, ಬೋಲ್ಟಿನ ತಲೆಗೆ 20 ಗೆರೆಗಳ ರಟ್ಟಿನ ಚಕ್ರ ಅಂಟಿಸಿದರೆ ಗೆರೆಗೆ 0.05 ಮಿ.ಮೀ. ಪ್ರತಿ ಸಲ ಒಂದೇ ದಿಕ್ಕಿಗೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಮರೆಯ ಸಡಿಲದಲ್ಲಿ ಲೆಕ್ಕ ತಪ್ಪುತ್ತದೆ.